ಒಂದುಸಿರು ಮುಂಚೆ

ಜನವರಿ 8, ಸೋಮವಾರ

ಇವತ್ತು ನನ್ನ ನಾಟಕವನ್ನು ನನಗೇ ಅನುವಾದಕ್ಕೆ ಕೊಟ್ಟರು.

ಎಷ್ಟು ತಣ್ಣಗೆ ಬರೆದಿದ್ದೇನೆ ಈ ಸಾಲನ್ನು. ಆದರೆ ಈ ಪುಸ್ತಕ ಓದುವವಳು ನಾನೊಬ್ಬಳೇ ಆದ್ದರಿಂದ ಸುಳ್ಳು ಹೇಳಿ ಪ್ರಯೋಜನವಿಲ್ಲ. ಅದನ್ನು ಬರೆಯುವಷ್ಟರಲ್ಲಿ ಪೆನ್ನು ಒತ್ತಿ ಎರಡು ಸಲ ಕಾಗದ ಹರಿದೆ.

ನಮ್ಮದು ಎರಡು ನಾಲಿಗೆಯ ಶಾಲೆ. ಬೆಸ ತಾರೀಕು ಮನೆಮಾತು, ಸಮ ತಾರೀಕು ಇಂಗ್ಲಿಷ್. ಆ ದಿನದ ಭಾಷೆ ಬಿಟ್ಟು ಕಾರಿಡಾರಿನಲ್ಲಿ ಮಾತಾಡಿದರೆ ಎದೆಯ ಮೇಲಿನ ಬ್ಯಾಡ್ಜ್ ಹೋಯಿತು. ಮಕ್ಕಳು ತಮ್ಮ ಜಗಳಗಳನ್ನು ಬೆಸ ತಾರೀಕಿಗೆ ಕಾದಿರಿಸಿಕೊಳ್ಳುತ್ತಾರೆ. ಬೈಯಲು ಮನೆಮಾತೇ ಅನುಕೂಲ. ನಾನು ಮನೆಮಾತಿನ ಟೀಚರು. ಇಪ್ಪತ್ತೆರಡು ವರ್ಷದಿಂದ ಬೆಸವಾಗಿಯೇ ಬದುಕಿದ್ದೇನೆ.

ಪ್ರಿನ್ಸಿಪಾಲರ ಕೋಣೆಗೆ ಕರೆ ಬಂತು. ನಾಟಕ ವಿಭಾಗದ ಮುಖ್ಯಸ್ಥರು, ಈ ಪುಸ್ತಕದ ಮಟ್ಟಿಗೆ 'ಅಧಿಪತಿ', ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

"ಸರ್ ಹೊಸ ನಾಟಕ ಬರ್ದಿದ್ದಾರೆ ಮೇಡಂ, ಇಂಗ್ಲಿಷಲ್ಲಿ," ಎಂದರು ಪ್ರಿನ್ಸಿಪಾಲರು. "ವಾರ್ಷಿಕೋತ್ಸವಕ್ಕೆ. ಮನೆಯವ್ರಿಗೆಲ್ಲ ಅರ್ಥ ಆಗ್ಬೇಕಲ್ಲ, ವೇದಿಕೆ ಮೇಲಿನ ಗೋಡೆಗೆ ಮನೆಮಾತಿನ ಸಾಲು ಬರ್ಲಿ. ಅನುವಾದ ನಿಮ್ದು, ಗುಂಡಿ ಒತ್ತೋದೂ ನಿಮ್ದೇ."

ಸ್ಟಾಫ್ ರೂಮಿಗೆ ಬಂದು ಓದಿದೆ. ಓದು ಬಾರದ ಒಬ್ಬ ಸಾಹುಕಾರ. ಯಾರಿಗೂ ಗೊತ್ತಾಗಬಾರದೆಂದು, ಬಂದ ಪತ್ರವನ್ನೆಲ್ಲ ಹಿಡಿದು ಗಂಭೀರವಾಗಿ 'ಹೂಂ' ಎನ್ನುತ್ತಾನೆ. ಪತ್ರ ತರುವ ಹುಡುಗಿಗೆ ಮಾತ್ರ ಗುಟ್ಟು ಗೊತ್ತು. ಹೋದ ವರ್ಷ ಜೂನ್‌ನಲ್ಲಿ ನಾನು 'ಓದಿ ಅಭಿಪ್ರಾಯ ಹೇಳಿ ಸರ್' ಎಂದು ಅಧಿಪತಿಯ ಕೈಗೆ ಕೊಟ್ಟಿದ್ದ ನಲವತ್ತಾರು ಪುಟದ ನೋಟುಬುಕ್ಕು ಇದೇ. ಎರಡು ತಿಂಗಳ ಮೇಲೆ ಕಾಫಿ ಲೋಟದ ಉಂಗುರ ಗುರುತಿನೊಂದಿಗೆ ಅಭಿಪ್ರಾಯವಿಲ್ಲದೆ ಮರಳಿತ್ತು. ಈಗ ಅಭಿಪ್ರಾಯ ಗೊತ್ತಾಯಿತು: ಬಹಳ ಹಿಡಿಸಿದೆ.

ಹೆಸರು ಬದಲಾಗಿದೆ. ನನ್ನದು 'ಹೂಂ ಸಾಹುಕಾರ'. ಅವರದು 'ಮೌನದ ಒಡೆಯ'. ರಚನೆ, ನಿರ್ದೇಶನ, ಮುಖ್ಯ ಪಾತ್ರ, ಮೂರೂ ಅವರೇ. ಸಹಿ ಅವರದು, ಸಹಿಸುವುದು ನನ್ನದು.

ನಾಟಕ ಒಂದೇ ಆಗಿದ್ದರೆ ಬಿಡುತ್ತಿದ್ದೆನೋ ಏನೋ. ಆ ಸಾಹುಕಾರ ಹುಟ್ಟಿದ್ದು ನನ್ನ ಅತ್ತೆಯಿಂದ. ಅತ್ತೆಗೆ ಏಳು ವರ್ಷದಿಂದ ಕಿವಿ ಕೇಳುವುದಿಲ್ಲ. ಅದು ಯಾರಿಗೂ ಗೊತ್ತಿಲ್ಲವೆಂದುಕೊಂಡು ಎಲ್ಲದಕ್ಕೂ ಗತ್ತಿನಿಂದ 'ಹೂಂ' ಎನ್ನುತ್ತಾರೆ. ಆ ಮನುಷ್ಯ ನನ್ನ ಅತ್ತೆಯನ್ನೇ ಕದ್ದುಕೊಂಡು ಹೋಗಿದ್ದಾನೆ.

ಜನವರಿ 9, ಮಂಗಳವಾರ

ಸಾಕ್ಷಿ ಸಿಕ್ಕಿತು. ನನ್ನ ನೋಟುಬುಕ್ಕಿನಲ್ಲಿ ಒಂದು ತಪ್ಪಿತ್ತು. ಎರಡನೇ ದೃಶ್ಯದ ಕೊನೆಗೆ ಪತ್ರದ ಹುಡುಗಿ ಕೆಲಸ ಬಿಟ್ಟು ಬಸ್ಸು ಹತ್ತಿ ಊರನ್ನೇ ಬಿಟ್ಟು ಹೋಗುತ್ತಾಳೆ. ಅದನ್ನು ಮರೆತು ಮೂರನೇ ದೃಶ್ಯದಲ್ಲಿ ಬಾಗಿಲಾಚೆಯಿಂದ ಅವಳ ಬಾಯಲ್ಲಿ "ಇವತ್ತು ಪತ್ರ ಇಲ್ಲ" ಅನ್ನಿಸಿದ್ದೆ. ಅಧಿಪತಿಯ ನಾಟಕದಲ್ಲೂ ಊರು ಬಿಟ್ಟವಳು ಬಾಗಿಲಾಚೆ ಮಾತಾಡುತ್ತಾಳೆ. ಪಕ್ಕದವನ ಉತ್ತರ ನಕಲು ಮಾಡುವ ಹುಡುಗ ಅವನ ರೋಲ್ ನಂಬರನ್ನೂ ಬರೆದುಕೊಂಡ ಹಾಗೆ.

ಮಧ್ಯಾಹ್ನ ಅಧಿಪತಿಯನ್ನು ಹಿಡಿದು ಕೇಳಿದೆ.

"ಕಥೆಗಳು ಗಾಳಿಯಲ್ಲಿರ್ತವೆ ಮೇಡಂ," ಎಂದರು. "ನೀವೊಂದು ಹಿಡ್ದಿರಿ, ನಾನೊಂದು ಹಿಡ್ದೆ."

"ನಾನು ಹಿಡಿದದ್ದು ನಲವತ್ತಾರು ಪುಟ ಸರ್. ನೀವು ಹಿಡಿದದ್ದೂ ಅದೇ ನಲವತ್ತಾರು."

"ಹಾಗಾದ್ರೆ ನಮ್ಮಿಬ್ರಿಗೂ ಒಳ್ಳೇ ಗಾಳಿ ಬೀಸಿದೆ ಅನ್ನಿ."

ಪ್ರಿನ್ಸಿಪಾಲರಿಗೆ ಹೇಳಿದೆ. "ಎರಡು ವಿಭಾಗದ ಮಧ್ಯೆ ಮನಸ್ತಾಪ ಬೇಡ ಮೇಡಂ. ಹೇಗೂ ಅನುವಾದಕ್ಕೆ ನಿಮ್ಮ ಹೆಸರು ಬರುತ್ತೆ," ಎಂದರು. ನನ್ನ ಮಗುವಿಗೆ ನನ್ನನ್ನೇ ಆಯಾ ಮಾಡಿದ ಹಾಗಾಯಿತು.

ಸೇಡು ತೀರಿಸದೆ ಬಿಡುವುದಿಲ್ಲ. ಹೇಗೆ ಎಂದು ಗೊತ್ತಿಲ್ಲ. ಪ್ರದರ್ಶನ ಫೆಬ್ರವರಿ ಹತ್ತಕ್ಕೆ.

ಜನವರಿ 11, ಗುರುವಾರ

ಗೋಡೆಗೆ ಬೀಳುವ ಸಾಲುಗಳ ಹದಿನೆಂಟು ಸ್ಲೈಡು ಆಯಿತು. ಮೂಲವನ್ನು ಇಂಗ್ಲಿಷಿನಿಂದ ಮೂಲಕ್ಕೇ ತರುವ ಕೆಲಸ. ನನ್ನ ಹಳೆಯ ವಾಕ್ಯಗಳನ್ನೇ ಹಾಕಿದೆ. ಅಧಿಪತಿ ನೋಡಿ, "ಪರವಾಗಿಲ್ಲ, ಮೂಲದ ಸೊಗಸು ಸ್ವಲ್ಪ ಕಡಿಮೆಯಾಗಿದೆ," ಎಂದರು.

ಹದಿನೆಂಟೂ ಅಳಿಸಿ, ಮತ್ತೆ ಬರೆದೆ.

ಜನವರಿ 15, ಸೋಮವಾರ

ಆಯುಧ ಸಿಕ್ಕಿತು. ಕೊಟ್ಟದ್ದು ಅತ್ತೆ.

ಸಂಜೆ ಎಲ್ಲರೂ ಟಿವಿ ಮುಂದೆ ಕೂತಿದ್ದೆವು. ಅತ್ತೆಗಾಗಿ ಕೆಳಗೆ ಅಕ್ಷರ ಬರುವಂತೆ ಇಟ್ಟಿರುತ್ತೇವೆ. ಅದು ಮಾತಿಗಿಂತ ಒಂದುಸಿರು ಮುಂಚೆ ಬರುತ್ತದೆ. ಹಾಸ್ಯದ ಸಾಲು ಬಂತು, ಅತ್ತೆ ಘೊಳ್ಳೆಂದರು. ಆಮೇಲೆ ನಟ ಆ ಮಾತು ಆಡಿದ. ನಾನೂ ನಗಲಿಲ್ಲ, ಇವರೂ ನಗಲಿಲ್ಲ.

"ಅಮ್ಮಾ, ನೀನು ಮೊದ್ಲೇ ನಕ್ಕುಬಿಟ್ರೆ ಜೋಕು ಸತ್ತೇಹೋಗುತ್ತಲ್ಲ," ಎಂದರು ಇವರು. ನನ್ನ ಗಂಡನಿಗೆ ಕನ್ನಡಕದ ಅಂಗಡಿ. ಊರಿನ ದೃಷ್ಟಿಯನ್ನೆಲ್ಲ ತಿದ್ದುತ್ತಾರೆ, ಮನೆಯವರ ದೃಷ್ಟಿಕೋನ ಮಾತ್ರ ಅವರಿಗೆ ಬಗ್ಗಿಲ್ಲ.

ಅತ್ತೆ, "ಹೂಂ," ಎಂದರು.

ನಾನು ಬಟಾಣಿ ಬಿಡಿಸುತ್ತಿದ್ದವಳು ಹಾಗೇ ಕೂತೆ. ನಮ್ಮ ಸಭಿಕರಲ್ಲಿ ಮುಕ್ಕಾಲು ಪಾಲು ಅಪ್ಪ ಅಮ್ಮ, ಅಜ್ಜ ಅಜ್ಜಿ; ವೇದಿಕೆಯ ಇಂಗ್ಲಿಷ್ ಕಿವಿಗೆ ಬೀಳುವುದಕ್ಕಿಂತ ಮೊದಲು ಗೋಡೆಯ ಮನೆಮಾತು ಕಣ್ಣಿಗೆ ಬೀಳುತ್ತದೆ. ನಗುವವರು ಅವರು, ನಗಿಸುವ ಗುಂಡಿ ನನ್ನ ಬೆರಳಡಿಯಲ್ಲಿ. ಅಧಿಪತಿ ಬಾಯಿ ತೆರೆಯುವುದಕ್ಕೆ ಒಂದುಸಿರು ಮುಂಚೆ ನಾನು ಒತ್ತಿದರೆ ಸಭೆ ಆಗಲೇ ನಕ್ಕು ಮುಗಿಸಿರುತ್ತದೆ. ಅವರು ಮಾತಾಡುವುದು ಖಾಲಿ ಗಾಳಿಗೆ. ಕಥೆಗಳು ಇರುತ್ತವಂತಲ್ಲ, ಅದೇ ಗಾಳಿಗೆ.

ಯಾರೂ ಏನನ್ನೂ ಸಾಬೀತು ಮಾಡಲಾರರು. ನಗೆಯಿಂದಲೇ ಹಗೆ ತೀರಿಸುತ್ತೇನೆ.

ಕಾರ್ಯಕ್ರಮ ಮುಗಿದು ಹೆಸರುಗಳು ಮೇಲೆ ಹೋಗುತ್ತಿದ್ದವು. ಇವರು ರಿಮೋಟು ಎತ್ತಿದರೆ ಅತ್ತೆ ಯಾವತ್ತಿನಂತೆ ಕೈ ತಡೆದರು. "ಕೊನೇ ಹೆಸ್ರು ಹೋಗೋವರ್ಗೂ ಆರಿಸ್ಬೇಡ. ಪಾಪ, ಅಷ್ಟು ಜನ ಹೆಸ್ರು ಹಾಕ್ಕೊಂಡಿದ್ದಾರೆ, ಯಾರಾದ್ರೂ ಓದ್ಬೇಕಲ್ವಾ."

ಜನವರಿ 17, ಬುಧವಾರ

ತಾಲೀಮು ಶುರು. ನನ್ನ ಜಾಗ ಸಭಾಂಗಣದ ಹಿಂಭಾಗದ ಗಾಜಿನ ಕೋಣೆ. ಅಲ್ಲಿ ನಾನು, ನನ್ನ ಲ್ಯಾಪ್‌ಟಾಪು, ಮತ್ತು ದೀಪಗಳನ್ನು ನೋಡಿಕೊಳ್ಳುವ ಎಲೆಕ್ಟ್ರಿಷಿಯನ್. ಮಕ್ಕಳು ಅವರನ್ನು ದೀಪದಣ್ಣ ಎನ್ನುತ್ತಾರೆ. ಗಂಟೆಗೆ ಒಂದು ಮಾತು ಆಡುತ್ತಾರೆ, ಅದೂ ಬೆಳಕು ಚೆಲ್ಲುವಂಥದು.

ಪತ್ರದ ಹುಡುಗಿಯ ಪಾತ್ರಕ್ಕೆ ಅಧಿಪತಿ ಏಳನೇ ತರಗತಿಯ ಗುಬ್ಬಿಯನ್ನು ಆರಿಸಿದ್ದಾರೆ. ಅಪ್ಪನಿಗೆ ವರ್ಗವಾದಂತೆಲ್ಲ ಶಾಲೆ ಬದಲಿಸಿದ ಹುಡುಗಿ. ಇದು ನಾಲ್ಕನೆಯದು, ಪ್ರತಿಯೊಂದರಲ್ಲೂ ಬೇರೆ ಭಾಷೆ. ಎಲ್ಲ ಭಾಷೆಯಲ್ಲೂ ಪಿಸುಗುಟ್ಟುವಷ್ಟು ಮಾತ್ರ ಕಲಿತಿದ್ದಾಳೆ. ಬೆಸ ತಾರೀಕಿಗೂ ಸಮ ತಾರೀಕಿಗೂ ಅವಳಲ್ಲಿ ವ್ಯತ್ಯಾಸವಿಲ್ಲ.

"ಅಷ್ಟು ಮೆಲ್ಲಗೆ ಮಾತಾಡೋ ಮಗು ಯಾಕೆ ಸರ್?" ಎಂದೆ.

"ಚೀಲ ಹೊತ್ತು ನಿಂತ್ರೆ ಸಾಕು ಮೇಡಂ. ಆ ದೃಶ್ಯ ನನ್ನದು."

ಸರಿ. ನನ್ನ ಸೇಡಿಗೂ ಅವಳಿಗೂ ಸಂಬಂಧವಿಲ್ಲ.

ಜನವರಿ 24, ಬುಧವಾರ

ತಾಲೀಮಿನಲ್ಲಿ ಗುಬ್ಬಿ ಕೈ ಎತ್ತಿದಳು. ಒಂದು ವಾರದಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ. "ಸರ್, ನಾನು ಬಸ್ಸಲ್ಲಿ ಹೋಗ್ಬಿಟ್ಟಿದ್ದೀನಲ್ಲ. ಮತ್ತೆ ಬಾಗಿಲಾಚೆ ಹೇಗೆ ಮಾತಾಡ್ತೀನಿ?"

ಗಾಜಿನ ಹಿಂದೆ ನಾನು ಕುರ್ಚಿ ಮುಂದಕ್ಕೆಳೆದುಕೊಂಡೆ. ಅಧಿಪತಿ ಗಡ್ಡ ಕೆರೆದುಕೊಂಡು, "ಅದು ಸಾಂಕೇತಿಕ," ಎಂದರು.

"ಓ," ಎಂದಳು ಗುಬ್ಬಿ. ಆಮೇಲೆ ಯಾರೂ ಹೇಳಿಕೊಡದೆಯೇ ಆ ಸಾಲನ್ನು ವೇದಿಕೆಗೆ ಬೆನ್ನು ತಿರುಗಿಸಿ ನಿಂತು ಹೇಳಿದಳು, ದೂರದಿಂದ ಬಂದ ಹಾಗೆ. ನನ್ನ ತಪ್ಪಿಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

ದೀಪದಣ್ಣ ತಾವಾಗಿಯೇ ಅಲ್ಲಿಗೊಂದು ನೀಲಿ ದೀಪ ಸೇರಿಸಿದರು.

ಜನವರಿ 29, ಸೋಮವಾರ

ಇವತ್ತು ಮಕ್ಕಳ ಅಜ್ಜ ಅಜ್ಜಿಯರಿಗಾಗಿ ಪೂರ್ವಪ್ರದರ್ಶನ. ಆಯುಧ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ದಿನ ಯಾವುದು.

ಅಧಿಪತಿಯ ಮೊದಲ ಹಾಸ್ಯ. ಪತ್ರವನ್ನು ಮೂಸಿ ನೋಡಿ, "ಇದು ಸರ್ಕಾರಿ ಪತ್ರ, ವಾಸನೆಯೇ ಹೇಳುತ್ತೆ," ಎನ್ನಬೇಕು. ಅವರು ಪತ್ರವನ್ನು ಮೂಗಿಗೆ ಎತ್ತುವಷ್ಟರಲ್ಲಿ ಒತ್ತಿದೆ. ಅಜ್ಜ ಅಜ್ಜಿಯರು ಒಟ್ಟಿಗೆ ನಕ್ಕರು. ಅಧಿಪತಿ ಮಾತು ಆಡಿದಾಗ ಸಭಾಂಗಣದಲ್ಲಿ ಒಬ್ಬರು ಕೆಮ್ಮಿದ್ದು ಮಾತ್ರ ಕೇಳಿಸಿತು. ಅವರು ಆ ಮಾತನ್ನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. ಎರಡನೇ ಕೆಮ್ಮು.

ಎರಡನೇ ಹಾಸ್ಯ, ಮೂರನೆಯದು, ನಾಲ್ಕನೆಯದು. ಒಂದರ ಹಿಂದೊಂದು ತಲೆ ಉರುಳಿದವು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಷ್ಟು ಸುಖ ಪಟ್ಟಿರಲಿಲ್ಲ.

ಆ ಸುಖದ ಓಘದಲ್ಲಿ ಐದನೆಯದನ್ನೂ ಒತ್ತಿಬಿಟ್ಟೆ. ಅದು ಗುಬ್ಬಿಯದು. ಅವಳು ಬಾಯಿ ತೆರೆಯುವ ಮೊದಲೇ ಮುನ್ನೂರು ಜನ ನಕ್ಕರು. ಅವಳು ತನ್ನ ಬೂಟು ನೋಡಿಕೊಂಡಳು. ಅಂಗಿಯ ಗುಂಡಿ ಮುಟ್ಟಿ ನೋಡಿದಳು. ಬೆನ್ನ ಹಿಂದೆ ಏನಾದರೂ ಅಂಟಿದೆಯೇ ಎಂದು ಕೈ ಹಾಕಿ ತಡಕಿದಳು. ಮಾತು ಹೊರಗೆ ಬರಲೇ ಇಲ್ಲ.

ಯುದ್ಧದಲ್ಲಿ ಇಂಥದೆಲ್ಲ ಆಗುತ್ತದೆ.

ದೀಪದಣ್ಣ ಗಂಟೆಯ ಮಾತು ಆಡಿದರು: "ಮೇಡಂ, ಬೆರಳು ಸ್ವಲ್ಪ ಬೇಗ ಹೋಗ್ತಿದೆ."

"ಗುಂಡಿ ಸಡಿಲ ಇದೆ," ಎಂದೆ.

ಜನವರಿ 30, ಮಂಗಳವಾರ

ಗುಬ್ಬಿ ತಾಲೀಮಿಗೆ ಬರಲಿಲ್ಲ. ಅಧಿಪತಿ, "ಬಿಡಿ, ಹತ್ತನೇ ತರಗತಿಯ ಮೈಕಾಸುರನನ್ನು ಹಾಕ್ತೀನಿ," ಎಂದರು. ಆ ಹುಡುಗನಿಗೆ ಮೈಕು ಬೇಡ, ಮೈಕಿಗೇ ಅವನು ಬೇಕು. ಅವನು "ಇವತ್ತು ಪತ್ರ ಇಲ್ಲ" ಅಂದರೆ ಪಕ್ಕದ ಬೀದಿಯವರೂ ಪತ್ರಕ್ಕೆ ಕಾಯುವುದು ಬಿಟ್ಟಾರು.

ಅಧಿಪತಿಗೆ ನಿನ್ನೆಯ ಸೋಲು ಯಾಕೆಂದು ಇನ್ನೂ ಗೊತ್ತಾಗಿಲ್ಲ. "ಮುದುಕರು, ತಡವಾಗಿ ಅರ್ಥ ಆಗುತ್ತೆ," ಎನ್ನುತ್ತಿದ್ದರು. ತಡವಾಗಿ ಅಲ್ಲ ಸಾರ್.

ಸೇಡಿನ ದೃಷ್ಟಿಯಿಂದ ಗುಬ್ಬಿ ಇರಲೇಬೇಕು. ಆ ಮೂರನೇ ದೃಶ್ಯದ ಸಾಲು ನನ್ನ ಸಾಕ್ಷಿ. ಅದನ್ನು ಮೈಕಾಸುರನ ಬಾಯಿಗೆ ಹಾಕಿ ಹಾಳು ಮಾಡಲು ಬಿಡಲಾರೆ. ಕಾರಣ ಇದಷ್ಟೇ.

ಜನವರಿ 31, ಬುಧವಾರ

ಮೂವತ್ತೊಂದಾದ ಮೇಲೆ ಒಂದು. ಎರಡು ಬೆಸ ತಾರೀಕು ಒಟ್ಟಿಗೆ, ಮನೆಮಾತು ವಿಭಾಗಕ್ಕೆ ಸುಗ್ಗಿ. ಕಾರಿಡಾರು ಗಿಜಿಗುಟ್ಟುತ್ತಿತ್ತು. ಗುಬ್ಬಿ ಗ್ರಂಥಾಲಯದ ಅಟ್ಲಾಸುಗಳ ಹಿಂದೆ ಕೂತಿದ್ದಳು.

"ನಾಟಕ ಬಿಟ್ಟೆಯಂತೆ?"

"ಹೂಂ ಮೇಡಂ."

"ಯಾಕಮ್ಮಾ?"

ಅವಳು ಅಟ್ಲಾಸಿನ ಒಂದು ಸಮುದ್ರವನ್ನು ಬೆರಳಿನಿಂದ ಉಜ್ಜುತ್ತ ಕೂತಳು. "ನಾನು ಮಾತಾಡೋಕ್ ಮುಂಚೆನೇ ನಕ್ರು. ಮಾತಾಡಿದ್ಮೇಲೆ ನಕ್ರೆ ತಪ್ಪು ಮಾತಾಡಿದೆ ಅಂದ್ಕೋಬಹುದು. ಮುಂಚೆನೇ ನಕ್ರೆ ನಾನೇ ತಪ್ಪು ಅಂತ ತಾನೇ?"

ಹಳೆಯ ಶಾಲೆಗಳಲ್ಲೂ ಹಾಗೇ ಆಗುತ್ತಿತ್ತಂತೆ. ಇವಳು ಎದ್ದು ನಿಂತರೆ ಸಾಕು, ನಗು.

"ಮೊನ್ನೆ ನಕ್ಕಿದ್ದು ನಿನ್ನ ನೋಡಿ ಅಲ್ಲ," ಎಂದೆ. "ಗೋಡೆ ನೋಡಿ. ನಾನು ಸಾಲನ್ನು ಬೇಗ ಹಾಕ್ಬಿಟ್ಟೆ."

"ತಪ್ಪಿ ಹಾಕಿದ್ರಾ ಮೇಡಂ, ಬೇಕಂತ ಹಾಕಿದ್ರಾ?"

ಏಳನೇ ತರಗತಿಯವರಿಗೆ ಇಂಥ ಪ್ರಶ್ನೆ ಕೇಳಲು ಯಾರು ಹೇಳಿಕೊಡುತ್ತಾರೋ.

"ತಪ್ಪಿ," ಎಂದೆ.

ಅವಳು ನನ್ನನ್ನೇ ನೋಡಿದಳು. ನಂಬಿದಳೆಂದು ನನಗೆ ಅನಿಸಲಿಲ್ಲ. ಆದರೂ ನಾಳೆ ಬರುತ್ತೇನೆ ಎಂದಳು.

ಫೆಬ್ರವರಿ 1, ಗುರುವಾರ

ಊಟದ ವಿರಾಮದಲ್ಲಿ ಖಾಲಿ ಸಭಾಂಗಣದಲ್ಲಿ ಗುಬ್ಬಿಗೆ ಪಾಠ. ಪಾಠ ಇಷ್ಟೇ: ನಗು ಮೊದಲು ಬಂದರೆ ಹೆದರಬಾರದು. ಅದು ಮೇಡಂ ಕಳಿಸಿದ್ದು. ಏರುವವರೆಗೆ ಸುಮ್ಮನಿರು, ಅರ್ಧ ಇಳಿದಾಗ ಮಾತಾಡು. ಆಗ ಇನ್ನೊಮ್ಮೆ ನಗುತ್ತಾರೆ, ಆ ನಗು ಪೂರ್ತಿ ನಿನ್ನದು.

ದೀಪದಣ್ಣ ನಗುವ ಸಭಿಕರಾಗಿ ನಟಿಸಿದರು. ಅವರಿಗೆ ನಗು ಬರುವುದಿಲ್ಲ, ಸ್ಟೂಲು ಬಡಿದರು. ಸ್ಟೂಲಿನ ಸದ್ದು ಅರ್ಧ ಇಳಿದಾಗ ಗುಬ್ಬಿ ಹೇಳಿದಳು: "ಓದೋಕೆ ಬರಲ್ಲ ಅಂತ ಒಪ್ಪಿಕೊಳ್ಳಿ ಸಾಹುಕಾರ್ರೇ, ನಾನು ಯಾರಿಗೂ ಹೇಳಲ್ಲ."

ಪಿಸುಮಾತೇ. ಆದರೆ ಕೊನೆಯ ಸಾಲಿನವರೆಗೆ ಬಂತು. ಗಟ್ಟಿಯಾಗಿ ಹೇಳಿದ್ದರೆ ಕೆಡುತ್ತಿತ್ತು. ಗುಟ್ಟಿನ ಮಾತನ್ನು ಯಾರಾದರೂ ಕಿರುಚುತ್ತಾರೆಯೇ. ಬರೆದ ನನಗೇ ಇದು ಹೊಳೆದಿರಲಿಲ್ಲ.

ಅಧಿಪತಿಯ ಹಾಸ್ಯಗಳ ಪಟ್ಟಿ ಮಾಡಿದೆ: ಒಟ್ಟು ಮೂವತ್ತೊಂದು. ಮೂವತ್ತೊಂದಕ್ಕೂ ಮುಹೂರ್ತ ಇಟ್ಟಾಗಿದೆ.

ಫೆಬ್ರವರಿ 5, ಸೋಮವಾರ

ಗುಬ್ಬಿ ಉದ್ದದ ವಾಕ್ಯದ ನಡುವೆ ಎರಡು ಸಲ ಉಸಿರು ತೆಗೆದುಕೊಳ್ಳುತ್ತಾಳೆ. 198ನೇ ಸ್ಲೈಡನ್ನು ಎರಡಾಗಿ ಒಡೆದೆ. 221ರಲ್ಲಿ ಅವಳು ಚೀಲ ಇಳಿಸಿದ ಮೇಲೆ ಮಾತಾಡುತ್ತಾಳೆ, ಅದಕ್ಕೆ ಖಾಲಿ ಸ್ಲೈಡು ಒಂದು ಸೇರಿಸಿದೆ. 230ರಲ್ಲಿ ಎಡಗಾಲು ಮುಂದಿಟ್ಟರೆ ಮಾತು ಬಂತೆಂದು ಅರ್ಥ. ಬಲಗಾಲಾದರೆ ಇನ್ನೂ ಕಾಯಬೇಕು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ಕೊಲೆಗಾರನಿಗೆ ಮನೆಯ ನಕ್ಷೆ ಪೂರ್ತಿ ಗೊತ್ತಿರಬೇಕು.

ಇವತ್ತು ಅಧಿಪತಿಯ ಬಗ್ಗೆ ಏನೂ ಯೋಚಿಸಿಲ್ಲ ಎಂದು ಈಗ ಹೊಳೆಯಿತು. ಆಯಾಸ ಇರಬೇಕು. ನಾಳೆ ಎರಡರಷ್ಟು ಯೋಚಿಸುತ್ತೇನೆ.

ಫೆಬ್ರವರಿ 8, ಗುರುವಾರ

ಏನೂ ಇಲ್ಲ. ಐದನೇ ತರಗತಿಯ ಪ್ರಬಂಧ ತಿದ್ದಿದೆ. ವಿಷಯ, 'ನಾನು ಕ್ಷಮಿಸಿದ ಒಂದು ಘಟನೆ'. ನಲವತ್ತು ಮಕ್ಕಳಲ್ಲಿ ಮೂವತ್ತೆಂಟು ಜನ ಯಾರನ್ನೂ ಕ್ಷಮಿಸಿಲ್ಲ. ಭವಿಷ್ಯದ ಬಗ್ಗೆ ಭರವಸೆ ಮೂಡಿತು.

ಫೆಬ್ರವರಿ 9, ಶುಕ್ರವಾರ

ಕಾರ್ಯಕ್ರಮದ ಪಟ್ಟಿ ಅಚ್ಚಾಗಿ ಬಂದಿದೆ. ಅಧಿಪತಿಯ ಹೆಸರು ನಾಲ್ಕು ಸಲ ಇದೆ, ಒಂದು ಸಲ ಚಿತ್ರಸಮೇತ. ಅನುವಾದಕ್ಕೆ ನನ್ನ ಹೆಸರು ಹಿಂಬದಿಯಲ್ಲಿ, ಕುರ್ಚಿ ಬಾಡಿಗೆಗೆ ಕೊಟ್ಟವರ ಕೆಳಗೆ. ಹನ್ನೊಂದು ಪಾತ್ರಧಾರಿಗಳಲ್ಲಿ ಹತ್ತು ಜನರ ಹೆಸರಿದೆ. ಗುಬ್ಬಿ 'ಮತ್ತು ಇತರರು' ಆಗಿದ್ದಾಳೆ. ಒಬ್ಬಳೇ ಹುಡುಗಿ, ಇತರರು.

"ಜಾಗ ಸಾಲ್ಲಿಲ್ಲ," ಎಂದರು ಅಧಿಪತಿ.

ಸರಿ. ಕೊನೆಯ ಸ್ಲೈಡು, ಸಂಖ್ಯೆ 412, ಗುಟ್ಟಾಗಿ ತಯಾರಿಸಿದೆ. ಎಲ್ಲರೂ ಸಾಲಾಗಿ ನಿಂತು ತಲೆಬಾಗಿದಾಗ ಗೋಡೆಯ ಮೇಲೆ ಬರುತ್ತದೆ: 'ಮೂಲ ನಾಟಕ, ಹೂಂ ಸಾಹುಕಾರ. ರಚನೆ:' ಆಮೇಲೆ ನನ್ನ ಪೂರ್ತಿ ಹೆಸರು, ಇನಿಷಿಯಲ್ ಸಮೇತ. ಸ್ಲೈಡು ಖಾಲಿ ಖಾಲಿ ಕಂಡಿತು. ಜಾಗ ತುಂಬಲಿ ಎಂದು ಪತ್ರದ ಹುಡುಗಿಯ ಪಾತ್ರಕ್ಕೆ ಗುಬ್ಬಿಯ ಹೆಸರನ್ನೂ ಹಾಕಿದೆ, ಶಾಲೆಯ ದಾಖಲೆಯಲ್ಲಿರುವ ಉದ್ದನೆಯ ಹೆಸರು.

ಮೂವತ್ತೊಂದು ಹಾಸ್ಯದ ಕೊಲೆ, ಕೊನೆಗೆ ಕೊಲೆಗಾರನ ಸಹಿ.

ಫೆಬ್ರವರಿ 10, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾಲ್ಕು ಗಂಟೆಗೆ ಸಭಾಂಗಣ ಭರ್ತಿ. ಮೂರನೇ ಸಾಲಿನಲ್ಲಿ ಅತ್ತೆ, ಹೊಸ ಕನ್ನಡಕ, ಪಕ್ಕದಲ್ಲಿ ಇವರು.

ಮೊದಲ ದೃಶ್ಯ. ಅಧಿಪತಿ ಪತ್ರ ಮೂಸುವ ಮುಂಚೆ ಒತ್ತಿದೆ. ನಗು. ಮೂಸಿದರು, ಮಾತಾಡಿದರು. ನಿಶ್ಶಬ್ದ. ಎರಡನೆಯದು, ಮೂರನೆಯದು. ಆರನೆಯದಕ್ಕೆ ಅವರ ಕಿವಿ ಕೆಂಪಾದದ್ದು ಗಾಜಿನ ಕೋಣೆಯಿಂದಲೂ ಕಂಡಿತು. ಒಂಬತ್ತನೆಯದನ್ನು ಅವಸರದಲ್ಲಿ ನುಂಗಿದರು. ದೇವರೇ, ಎಂಥ ಸಂಜೆ ಅದು.

ಎರಡನೇ ದೃಶ್ಯ. ಗುಬ್ಬಿ ಚೀಲದಿಂದ ಪತ್ರ ತೆಗೆದು ಕೊಟ್ಟಳು. ಅಧಿಪತಿ ಅದನ್ನು ತಲೆಕೆಳಗಾಗಿ ಹಿಡಿದು, "ಇದು ಬಹಳ ಗಂಭೀರವಾದ ವಿಷಯ," ಎನ್ನಬೇಕು. ಬಾಯಿ ತೆರೆದರು. ಏನೂ ಬರಲಿಲ್ಲ. ಮುಚ್ಚಿ, ಮತ್ತೆ ತೆರೆದರು.

ಮರೆತಿದ್ದಾರೆ. ಬರೆದವರು ಮರೆತರೂ ಎಲ್ಲಿಂದಲೋ ಒಂದು ಮಾತು ಹುಟ್ಟುತ್ತದೆ. ಹಿಡಿದುಕೊಂಡವರ ಕೈ ಜಾರಿದರೆ ಮುಗಿಯಿತು. ನಾನು ಸೆಕೆಂಡು ಎಣಿಸುತ್ತ ಕೂತೆ. ನಾಲ್ಕು, ಐದು. ಒಂದೊಂದೂ ಒಂದೊಂದು ಪುಟಕ್ಕೆ. ನಲವತ್ತಾರರವರೆಗೂ ಎಣಿಸುವ ಮನಸ್ಸಿತ್ತು. ಸಭೆಯಲ್ಲಿ ಕುರ್ಚಿ ಕಿರುಗುಟ್ಟಿದವು. ಮೊದಲ ಸಾಲಿನಲ್ಲಿ ಪ್ರಿನ್ಸಿಪಾಲರು ಮುಂದಕ್ಕೆ ಬಾಗಿದರು. ಇನ್ನು ಸ್ವಲ್ಪ ಹೊತ್ತು, ಅಷ್ಟೇ; ಆಮೇಲೆ ಎಲ್ಲರಿಗೂ ಗೊತ್ತಾಗುತ್ತದೆ.

ಒಂಬತ್ತು.

"ಮೇಡಂ," ಎಂದರು ದೀಪದಣ್ಣ. "ಮಗು ಈ ಕಡೆ ನೋಡ್ತಿದೆ."

ಗುಬ್ಬಿ ಅಧಿಪತಿಯನ್ನು ನೋಡುತ್ತಿರಲಿಲ್ಲ. ಮುನ್ನೂರು ತಲೆಗಳ ಮೇಲಿಂದ ನೇರವಾಗಿ ಕತ್ತಲ ಗಾಜನ್ನು ನೋಡುತ್ತಿದ್ದಳು. ಅವಳ ಕೈ ಬೆನ್ನ ಕಡೆ ಹೊರಟಿತ್ತು, ಏನೋ ಅಂಟಿದೆಯೇ ಎಂದು ತಡಕಲು.

ನಾಲ್ಕು ಸ್ಲೈಡು ಹಾರಿಸಿ ಅವಳ ಸಾಲನ್ನು ಗೋಡೆಗೆ ಹಾಕಿದೆ. 'ಓದೋಕೆ ಬರಲ್ಲ ಅಂತ ಒಪ್ಪಿಕೊಳ್ಳಿ ಸಾಹುಕಾರ್ರೇ, ನಾನು ಯಾರಿಗೂ ಹೇಳಲ್ಲ.'

ಪತ್ರ ತಲೆಕೆಳಗಾಗಿ ಹಿಡಿದು ಬಾಯಿ ಬಿಟ್ಟು ನಿಂತ ಮನುಷ್ಯ, ಮೇಲೆ ಆ ಸಾಲು. ಸಭೆ ಬಿದ್ದು ಬಿದ್ದು ನಕ್ಕಿತು. ಗುಬ್ಬಿ ಬೂಟು ನೋಡಿಕೊಳ್ಳಲಿಲ್ಲ. ಕೈ ಕೆಳಗಿಳಿಯಿತು. ನಗು ಏರುವವರೆಗೆ ಕಾದಳು. ಅರ್ಧ ಇಳಿಯಿತು. ಎಡಗಾಲು ಮುಂದೆ ಬಂತು. ಪಿಸುಮಾತಿನಲ್ಲೇ ಹೇಳಿದಳು, ಇಂಗ್ಲಿಷಿನಲ್ಲಿ, ಕೊನೆಯ ಸಾಲಿಗೂ ಮುಟ್ಟುವ ಹಾಗೆ. ಎರಡನೇ ನಗು ಮೊದಲನೆಯದಕ್ಕಿಂತ ದೊಡ್ಡದು.

ಅಧಿಪತಿಗೆ ಆ ಗದ್ದಲದಲ್ಲಿ ಇಡೀ ನಾಟಕದ ಒಂದೇ ಒಂದು ಪದ ನೆನಪಾಯಿತು. "ಹೂಂ," ಎಂದರು.

ಮುಂದಿನದು ಉರುಳಿಕೊಂಡು ಹೋಯಿತು. ಇಪ್ಪತ್ತೆರಡು ಹಾಸ್ಯ ಬಾಕಿ ಇದ್ದವು. ಗುಬ್ಬಿ ವೇದಿಕೆಯಲ್ಲಿದ್ದಾಗ ಬೇಗ ಒತ್ತುವುದು ಅಪಾಯ. ಅವಳು ಹೋದ ಮೇಲೆ ಒತ್ತಬಹುದಿತ್ತು, ಆದರೆ ಲಯ ತಪ್ಪಿದ ಮೇಲೆ ಬೆರಳು ಮಾತು ಕೇಳಲಿಲ್ಲ. ಮೂರನೇ ದೃಶ್ಯದಲ್ಲಿ, ನೀಲಿ ದೀಪದಲ್ಲಿ, ಸಾಹುಕಾರ ಒಬ್ಬನೇ ಬಾಗಿಲು ನೋಡುತ್ತ ಕೂತಿದ್ದ. ಊರು ಬಿಟ್ಟು ಹೋದವಳ ದನಿ ಬಂತು. "ಇವತ್ತು ಪತ್ರ ಇಲ್ಲ." ಯಾರೋ ಮೂಗೊರೆಸಿಕೊಂಡರು. ಸಾಂಕೇತಿಕವಂತೆ. ಇರಲಿ.

ನಾಟಕ ಮುಗಿಯಿತು. ಎಲ್ಲರೂ ಸಾಲಾಗಿ ನಿಂತು ತಲೆಬಾಗಿದರು. 412 ಒತ್ತಿದೆ. ಅದೇ ಕ್ಷಣಕ್ಕೆ ದೀಪದಣ್ಣ ವಾಡಿಕೆಯಂತೆ ಸಭಾಂಗಣದ ದೀಪವನ್ನೆಲ್ಲ ಹತ್ತಿಸಿದರು. ಗೋಡೆ ಬೆಳ್ಳಗೆ ತೊಳೆದುಹೋಯಿತು. ಕಣ್ಣು ಕಿರಿದು ಮಾಡಿದರೆ ಅಕ್ಷರದ ನೆರಳು ಕಾಣುತ್ತಿತ್ತು. ಆದರೆ ಜನ ಎದ್ದು ನಿಂತು ವೇದಿಕೆ ನೋಡುತ್ತ ಚಪ್ಪಾಳೆ ತಟ್ಟುತ್ತಿದ್ದರು. ಒಬ್ಬರೂ ಗೋಡೆ ನೋಡಲಿಲ್ಲ.

"ಅಯ್ಯೋ ಮೇಡಂ, ಇನ್ನೊಂದು ಇತ್ತಾ?" ಎಂದರು ದೀಪದಣ್ಣ. ಅವರಿಗೆ ನಾನು ಹೇಳಿಯೇ ಇರಲಿಲ್ಲ. ಅಷ್ಟು ಗುಟ್ಟಾಗಿ ಇಟ್ಟಿದ್ದೆ.

ಕೆಳಗೆ ಇಳಿದಾಗ ಪ್ರಿನ್ಸಿಪಾಲರು ಅಧಿಪತಿಯ ಕೈ ಕುಲುಕುತ್ತಿದ್ದರು. "ಸರ್, ಆ ಮೌನ. ಅಷ್ಟು ಹೊತ್ತು ಒಬ್ಬ ನಟ ಏನೂ ಮಾಡ್ದೆ ನಿಲ್ಲೋದು ಅಂದ್ರೆ ಸಾಮಾನ್ಯ ಅಲ್ಲ."

"ಅಭ್ಯಾಸ ಬೇಕು," ಎಂದರು ಅಧಿಪತಿ. ನನ್ನನ್ನು ನೋಡಿದರು, ಕಿವಿ ಇನ್ನೂ ಕೆಂಪಗಿತ್ತು. ಹಾರವನ್ನು ಸರಿಪಡಿಸಿಕೊಂಡರು.

ಹನ್ನೆರಡು ವಾರ ಕಾದು, ಅಲ್ಲ, ಐದು ವಾರ, ಹನ್ನೆರಡರಂತೆ ಅನಿಸುತ್ತಿದೆ, ನಾನು ಸಾಧಿಸಿದ್ದೇನೆಂದರೆ ಕಳ್ಳನ ಮರೆವಿಗೆ ಮಹಾನಟನ ಪಟ್ಟ ಕಟ್ಟಿದ್ದು. ಇದಕ್ಕೆ ಮುಂದಿನ ವರ್ಷ ಬಡ್ಡಿ ಸಮೇತ ಸೇಡು ಇದೆ. ಆ ಮಗು ಅಡ್ಡ ಬರದೆ ಇದ್ದಿದ್ದರೆ.

ಫೆಬ್ರವರಿ 11, ಭಾನುವಾರ

ಬೆಳಿಗ್ಗೆ ಅತ್ತೆ ಬಟ್ಟೆ ಮಡಿಸುತ್ತ ಕೂತಿದ್ದರು. ನಾನು ಮುಖ ದಪ್ಪ ಮಾಡಿಕೊಂಡು ದಿಂಬಿನ ಕವರು ಹಾಕುತ್ತಿದ್ದೆ.

"ಬರ್ದಿದ್ದು ನೀನು ಅಂತ ಹಾಕಿತ್ತು," ಎಂದರು ಅತ್ತೆ.

ನಾನು ತಿರುಗಿದೆ.

"ಕೊನೇಲಿ. ದೀಪ ಹತ್ತಿದ್ಮೇಲೆ. ಎಲ್ಲ ಎದ್ದು ನಿಂತ್ರು, ಇವ್ನೂ ನಿಂತ. ನಾನು ಕುರ್ಚಿ ಸಂದಿಯಿಂದ ಓದಿದೆ. ಹೊಸ ಕನ್ನಡಕ ಚೆನ್ನಾಗಿದೆ." ಟವೆಲಿನ ಮೂಲೆಗೆ ಮೂಲೆ ಕೂಡಿಸಿದರು. "ಹಾಕ್ದೆ ಇದ್ರೂ ಗೊತ್ತಾಗ್ತಿತ್ತು ಬಿಡು. ಗೊತ್ತಿಲ್ದೇ ಇದ್ರೂ ಎಲ್ಲಕ್ಕೂ 'ಹೂಂ' ಅನ್ನೋರು ಈ ಊರಲ್ಲಿ ಎಷ್ಟು ಜನ ಇದ್ದಾರೆ?"

ನನಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಅವರು ನನ್ನ ಮುಖ ನೋಡಿ ನಕ್ಕರು, ಈ ಸಲ ಯಾವ ಅಕ್ಷರವೂ ಮುಂಚೆ ಬಂದಿರಲಿಲ್ಲ.

"ಒಂದು ಮಾತ್ರ ಅರ್ಥ ಆಗ್ಲಿಲ್ಲ," ಎಂದರು. "ನಿನ್ನ ಹೆಸ್ರು ಇಷ್ಟೇ ಇಷ್ಟಿತ್ತು. ಆ ಪತ್ರದ ಹುಡುಗೀದು ಅಷ್ಟು ದಪ್ಪ ಅಕ್ಷರದಲ್ಲಿ, ಮೇಲ್ಗಡೆ. ಅವಳ್ದನ್ನ ಮೊದ್ಲು ಓದ್ದೆ, ನಿಂದು ಹುಡುಕ್ಬೇಕಾಯ್ತು. ಯಾಕೆ ಹಾಗೆ ಮಾಡ್ದೆ?"

ಹೋಗಿ ಲ್ಯಾಪ್‌ಟಾಪು ತೆರೆದು ನೋಡಿದೆ. ಹೌದು. ಹಾಗೇ ಇದೆ.

ಅತ್ತೆಗೆ ಕೇಳುವುದಿಲ್ಲವಲ್ಲ, ದಿನಸಿ ಚೀಟಿಯ ಹಿಂದೆ ಬರೆದು ಕೊಟ್ಟೆ: 'ಅಕ್ಷರದ ಗಾತ್ರ ಆರಿಸುವಾಗ ಕೈ ತಪ್ಪಿರಬೇಕು.'

ಅತ್ತೆ ಕನ್ನಡಕ ಮೂಗಿಗೇರಿಸಿ ನಿಧಾನವಾಗಿ ಓದಿದರು. ಇನ್ನೊಮ್ಮೆ ಓದಿದರು. ಚೀಟಿಯನ್ನು ಮಡಿಸಿ ಟವೆಲಿನ ಮೇಲಿಟ್ಟು, "ಹೂಂ," ಎಂದರು.